ನನ್ನ ಸಾವಿಗೆ ಸಿಕ್ಕ ಮೂರು ದಿನದ ಹಾಜರಿ

ಬೆಂಗಳೂರಿನಲ್ಲಿ ಪಾದ್ರಿಗಳು ನಡೆಸುವ ವಿಶ್ವವಿದ್ಯಾಲಯದ ಮಾನ್ಯ ಕುಲಸಚಿವರ ಸನ್ನಿಧಿಗೆ, ಮತ್ತು ಇದನ್ನು ಓದುವ ಎಲ್ಲ ಮನೆತನಸ್ಥರ ಗಮನಕ್ಕೆ.

ಮಾನ್ಯರೇ,

ನಾನು ಲಾಲಬಿ. ದಿವಂಗತ ಬಂದೇನವಾಜ ಮಣಿಯಾರ ಅವರ ಹೆಂಡತಿ; ಊರು ಸಾಂಗಲಿ ಜಿಲ್ಲೆ ಜತ್ತ ತಾಲೂಕಿನ ಡಫಳಾಪುರ; ವಯಸ್ಸು ಅರವತ್ತೆಂಟು; ವಿದ್ಯೆ, ಕನ್ನಡ ಮಾಧ್ಯಮದಲ್ಲಿ ಹನ್ನೊಂದನೆಯ ಇಯತ್ತೆ ಪಾಸು. ನಮ್ಮ ಓಣಿಯಲ್ಲಿ ಅಷ್ಟು ಓದಿದ ಮೊದಲ ಹೆಣ್ಣು ನಾನೇ, ಮತ್ತು ಆ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ತೂಗುಹಾಕಿದ್ದೇನೆ. ಬಳೆ ಇಡಿಸುವುದು ನಮ್ಮ ಮನೆತನದ ಕೆಲಸ. ಸುತ್ತಲಿನ ಮೂವತ್ತು ಹಳ್ಳಿಗಳ ಹೆಂಗಸರ ಮುಂಗೈ ಅಳತೆ ನನಗೆ ಬಾಯಿಪಾಠ. ಅವರ ಗಂಡಂದಿರ ಹೆಸರು ಮರೆತರೂ ಅವರ ಅಳತೆ ಮರೆತವಳಲ್ಲ. ಇಷ್ಟರ ಮೇಲೆ ನನಗೆ ಇನ್ನೊಂದು ಸ್ಥಾನವನ್ನು ತಾವು ದಯಪಾಲಿಸಿದ್ದೀರಿ. ತಮ್ಮ ವಿಶ್ವವಿದ್ಯಾಲಯದ ದಾಖಲೆಯ ಪ್ರಕಾರ ನಾನು 2009ನೆಯ ಇಸವಿಯ ಫೆಬ್ರುವರಿ ಹನ್ನೊಂದರಂದು ತೀರಿಕೊಂಡಿದ್ದೇನೆ. ತೀರಿಕೊಂಡವರು ಪತ್ರ ಬರೆಯುವ ರೂಢಿ ಇಲ್ಲವೆಂದು ಬಲ್ಲೆ. ಆದರೆ ತಾವು ಸಂತಾಪದ ಪತ್ರ ಕಳಿಸಿದ್ದೀರಿ, ಬಂದ ಪತ್ರಕ್ಕೆ ಉತ್ತರ ಬರೆಯದೆ ಬಿಡುವುದು ನಮ್ಮ ಮನೆಯಲ್ಲಿ ನಡೆದು ಬಂದಿಲ್ಲ. ತಾವು ಮಂಗಳೂರಿನ ಕಡೆಯವರು, ಕನ್ನಡವನ್ನು ಚೆನ್ನಾಗಿ ಓದುತ್ತೀರಿ ಎಂದು ಮೊಮ್ಮಗಳು ಹೇಳಿದ್ದರಿಂದ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಆ ಮೊಮ್ಮಗಳೇ ರುಬಿನಾ, ನನ್ನ ಮಗ ಸಲೀಮನ ಹಿರಿಯ ಮಗಳು, ತಮ್ಮಲ್ಲಿ ಬಿ.ಎ. ಮೂರನೆಯ ವರ್ಷ, ಸಮಾಜಶಾಸ್ತ್ರ. ನಮ್ಮ ಸರಕಾರದ ರಾಜಧಾನಿ ಮುಂಬಯಿ, ನಮ್ಮ ಮಾತಿನ ರಾಜಧಾನಿ ಬೆಂಗಳೂರು. ಎರಡರಲ್ಲಿ ಯಾವುದಕ್ಕೆ ಕಳಿಸುವುದು ಎಂದು ಸಲೀಮ ಒಂದು ತಿಂಗಳು ಯೋಚಿಸಿದ. ಪಾದ್ರಿಗಳ ಕಾಲೇಜಿನ ಕಾಂಪೌಂಡು ಎತ್ತರವಾಗಿದೆ, ಹಾಸ್ಟೆಲ್ಲಿನಲ್ಲಿ ಸಿಸ್ಟರುಗಳ ಕಣ್ಣು ಚುರುಕಾಗಿದೆ, ಹುಡುಗಿಯ ಕೊರಳಲ್ಲಿ ಫೋಟೋ ಇರುವ ಕಾರ್ಡು ಸದಾ ತೂಗುತ್ತಿರುತ್ತದೆ ಎಂದು ಕೇಳಿ ತಮ್ಮಲ್ಲಿಗೇ ಕಳಿಸೋಣ ಎಂದವಳು ನಾನು. ಶಿಸ್ತು ಎಂದರೆ ನನಗೆ ಮೊದಲಿನಿಂದಲೂ ಪ್ರೀತಿ.

ಆ ಶಿಸ್ತಿನ ಬಗ್ಗೆ ಎರಡು ಮಾತು ಹೊಗಳದಿದ್ದರೆ ಕೃತಘ್ನಳಾದೇನು. ತಮ್ಮ ವಿದ್ಯಾರ್ಥಿ ಒಂದು ಪಿರಿಯಡ್ ತಪ್ಪಿಸಿದರೆ ಅದೇ ಗಂಟೆಯಲ್ಲಿ ತಂದೆಯ ಮೊಬೈಲಿಗೆ ಇಂಗ್ಲಿಷಿನಲ್ಲಿ ಸಂದೇಶ ಬರುತ್ತದೆ. ನಮ್ಮ ಸಲೀಮನಿಗೆ ಇಂಗ್ಲಿಷ್ ಬಾರದು, ಆದ್ದರಿಂದ ಅವನು ಅದನ್ನು ಎದುರಿನ ಔಷಧಿ ಅಂಗಡಿಯವನಿಗೆ ತೋರಿಸುತ್ತಾನೆ, ಅವನು ಗಿರಾಕಿಗಳ ಎದುರು ಗಟ್ಟಿಯಾಗಿ ಓದುತ್ತಾನೆ. ಹೀಗಾಗಿ ರುಬಿನಾಗೆ ಒಂದು ಮಂಗಳವಾರ ಹಲ್ಲು ನೋವಾಗಿ ಅರ್ಥಶಾಸ್ತ್ರದ ತರಗತಿ ತಪ್ಪಿದ್ದು ಡಫಳಾಪುರದ ಪೇಟೆಗೆಲ್ಲ ಗೊತ್ತಾಯಿತು, ಮತ್ತು ಹಲ್ಲು ನೋವಿಗೆ ಮದ್ದು ಹೇಳಲು ಮಧ್ಯಾಹ್ನದೊಳಗೆ ಒಂಬತ್ತು ಜನ ಬಂದರು. ಪರೀಕ್ಷೆಗೆ ಕೂರಲು ನೂರಕ್ಕೆ ಎಂಬತ್ತೈದು ಹಾಜರಿ ಬೇಕು ಎಂಬ ತಮ್ಮ ನಿಯಮಕ್ಕೂ ನನ್ನ ತಕರಾರಿಲ್ಲ. ಹುಡುಗರಿಗೆ ಅಷ್ಟು ಬಿಗಿ ಇರಲೇಬೇಕು.

ಈಗ ಆ ಮೂರು ದಿನಗಳ ಸಂಗತಿ. ಬೆಳುಂಕಿಯ ಭಾಗವ್ವನ ಮನೆಗೂ ನಮ್ಮ ಮನೆಗೂ ನನ್ನ ಅತ್ತೆಯ ಅತ್ತೆಯ ಕಾಲದ ನಂಟು. ಅವರು ಲಿಂಗವಂತರು, ಒಕ್ಕಲುತನದವರು, ನಾವು ಬಳೆಯವರು. ಅವರ ಮನೆಯಲ್ಲಿ ಹೆಣ್ಣಿನ ಮದುವೆಯಾದರೆ ಮದುಮಗಳ ಕೈಗೆ ಹಸಿರು ಬಳೆ ಇಡಿಸುವವರು ನಮ್ಮ ಮನೆಯ ಹೆಂಗಸರೇ ಆಗಬೇಕು. ಪೇಟೆಯಿಂದ ಬೇರೆಯವರನ್ನು ಕರೆಸುವಂತಿಲ್ಲ. ಎಡಗೈಗೆ ಒಂದು ಹೆಚ್ಚು, ಒಂದೂ ಒಡೆಯಬಾರದು, ಮತ್ತು ಮದುಮಗಳು ಒಮ್ಮೆ ಕೈ ಚಾಚಿದ ಮೇಲೆ ಆ ಕೈ ಬರಿದಾಗಿ ಹಿಂದಕ್ಕೆ ಹೋಗಬಾರದು. ಭಾಗವ್ವನ ಕೈಗೆ ನನ್ನ ಅತ್ತೆ ಇಡಿಸಿದ್ದರು, ಅವಳ ಮಗಳ ಕೈಗೆ ನಾನು ಇಡಿಸಿದೆ. ಫೆಬ್ರುವರಿ ಹನ್ನೆರಡಕ್ಕೆ ಅವಳ ಮೊಮ್ಮಗಳು ದಾಕ್ಷಾಯಣಿಯ ಸರದಿ. ಆದರೆ ಎರಡು ವರ್ಷದಿಂದ ನನ್ನ ಬಲಗೈ ಬೆರಳುಗಳು ನಡುಗುತ್ತವೆ. ದಿನದ ಬಳೆಗೆ ಈ ಕೈ ಸಾಕು, ಮದುಮಗಳ ಬಳೆಗೆ ಸಾಲದು. ಎಲುಬನ್ನು ಮೆಲ್ಲಗೆ ಒತ್ತಿ, ಮಾತಿನಲ್ಲಿ ನಗಿಸಿ, ಗಾಜು ಚರ್ಮಕ್ಕೆ ತಾಗುವ ಮೊದಲೇ ದಾಟಿಸುವ ಆ ಹದ ನಮ್ಮ ಮನೆಯಲ್ಲಿ ನನ್ನ ನಂತರ ಬಂದಿರುವುದು ರುಬಿನಾಳ ಕೈಗೆ ಮಾತ್ರ. ಆದ್ದರಿಂದ ಅವಳಿಗೆ ಬಾ ಎಂದು ಹೇಳಿದವಳು ನಾನು. ಬಂದಳು, ನಲವತ್ಮೂರು ಬಳೆ ಇಡಿಸಿದಳು, ಒಂದೂ ಒಡೆಯಲಿಲ್ಲ, ಮರುದಿನ ಬಸ್ಸು ಹತ್ತಿದಳು.

ಅವಳು ಬೆಂಗಳೂರಿಗೆ ಮರಳಿದಾಗ ಹಾಜರಿ ಎಂಬತ್ನಾಲ್ಕು ಬಿಂದು ಆರಕ್ಕೆ ಇಳಿದಿತ್ತು. ಅದೇ ಮೂರು ದಿನ ತಮ್ಮ ಸಮಾಜಶಾಸ್ತ್ರ ವಿಭಾಗದಲ್ಲಿ 'ಮರೆಯಾಗುತ್ತಿರುವ ಗ್ರಾಮೀಣ ಕಸುಬುಗಳು' ಎಂಬ ವಿಷಯದ ಮೇಲೆ ವಿಚಾರ ಸಂಕಿರಣ ನಡೆಯಿತಂತೆ. ದಿಲ್ಲಿಯಿಂದ ಬಂದವರೊಬ್ಬರು ಬಳೆಗಾರ್ತಿಯರ ಮೇಲೆ ಒಂದು ತಾಸು ಮಾತಾಡಿದರಂತೆ, ಗೋಡೆಯ ಮೇಲೆ ಚಿತ್ರ ತೋರಿಸಿದರಂತೆ, ಕುಳಿತು ಕೇಳಿದವರಿಗೆಲ್ಲ ಹಾಜರಿ ಸಿಕ್ಕಿತಂತೆ. ಬಳೆ ಇಡಿಸುವುದರ ಬಗ್ಗೆ ಕೇಳಿದವರು ಹಾಜರು, ಬಳೆ ಇಡಿಸಿದವಳು ಗೈರುಹಾಜರು. ವಿದ್ಯೆಯ ಇಂಥ ಎತ್ತರವನ್ನು ಹನ್ನೊಂದನೆಯ ಇಯತ್ತೆಯ ಮೆಟ್ಟಿಲಿನಿಂದ ನೋಡಿದರೆ ನನ್ನಂಥವಳ ಕುತ್ತಿಗೆ ನೋಯುತ್ತದೆ, ಇರಲಿ.

ರುಬಿನಾ ರಜೆಯ ಅರ್ಜಿ ಹಿಡಿದು ಹಾಜರಿ ವಿಭಾಗಕ್ಕೆ ಹೋದಳು. ತಮ್ಮ ಅರ್ಜಿಯಲ್ಲಿ ಕ್ಷಮಿಸಬಹುದಾದ ಕಾರಣಗಳು ನಾಲ್ಕೇ ನಾಲ್ಕು: ಒಂದು, ಆಸ್ಪತ್ರೆ ಸೇರಿದ್ದು, ಎರಡು, ವಿಶ್ವವಿದ್ಯಾಲಯದ ಪರವಾಗಿ ಆಟ, ಮೂರು, ವಿಶ್ವವಿದ್ಯಾಲಯದ ಪರವಾಗಿ ಹಾಡು ಕುಣಿತ, ನಾಲ್ಕು, ಮನೆಯಲ್ಲಿ ಸಾವು. ಬಳೆ ಎಲ್ಲಿಯೂ ಇಲ್ಲ. ಹುಡುಗಿ ನಿಜವನ್ನೇ ಹೇಳಿದಳು, ನಮ್ಮ ಅಜ್ಜಿಯ ಕೈಗೆ ಆಗುವುದಿಲ್ಲ, ಅವರ ಬದಲು ನಾನು ಹೋಗಿದ್ದೆ ಎಂದಳು. ಅಲ್ಲಿಯ ಗುಮಾಸ್ತರು ಒಳ್ಳೆಯ ಮನುಷ್ಯರು, ಈ ಹುಡುಗಿಯ ವರ್ಷ ಹಾಳಾಗಬಾರದು ಎಂದು ತಾವೇ ಪೆನ್ನು ತೆಗೆದು ನಾಲ್ಕನೆಯ ಚೌಕಕ್ಕೆ ಗುರುತು ಹಾಕಿದರು, ಸಂಬಂಧ ಎಂಬಲ್ಲಿ ಅಜ್ಜಿ ಎಂದು ಬರೆದರು, ಹೆಸರು ಕೇಳಿದರು. ನನ್ನ ಮೊಮ್ಮಗಳು ನನ್ನ ಹೆಸರು ಹೇಳಿದಳು. ಕೆಳಗೆ ಸಹಿ ಮಾಡಿದಳು. ಹಾಜರಿ ಎಂಬತ್ತಾರಕ್ಕೆ ಏರಿತು, ನಾನು ಮಣ್ಣಿಗೆ ಇಳಿದೆ.

ಇದು ನನಗೆ ಗೊತ್ತಾದದ್ದು ತಮ್ಮ ಕೃಪೆಯಿಂದಲೇ. ತಾವು ಮೃತರ ಮನೆಗಳಿಗೆ ಕಪ್ಪು ಅಂಚಿನ ಲಕೋಟೆಯಲ್ಲಿ ಸಂತಾಪ ಕಳಿಸುವ ದೊಡ್ಡ ಮನಸ್ಸಿನವರು. ಮಾರ್ಚ್ ಮೊದಲ ವಾರ ಅದು ಡಫಳಾಪುರಕ್ಕೆ ಬಂತು. ಕಪ್ಪು ಅಂಚು ಕಂಡು ಹೆದರಿದ ಪೋಸ್ಟಮನ್, ಮನೆಗೆ ಕೊಡುವ ಮೊದಲು ಸುದ್ದಿ ಏನೆಂದು ತಿಳಿಯಲಿ ಎಂದು ಬಸ್ ಸ್ಟ್ಯಾಂಡಿನ ಚಹದ ಅಂಗಡಿಯಲ್ಲಿ ಕುಳಿತಿದ್ದ ರವಿಕುಮಾರ ಮಾಸ್ತರರಿಗೆ ಕೊಟ್ಟ. ಅವರು ಅದನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಎಲ್ಲರಿಗೆ ಓದಿ ಹೇಳಿದರು. 'ಶ್ರೀಮತಿ ಲಾಲಬಿಯವರ ಆತ್ಮಶಾಂತಿಗಾಗಿ ನಮ್ಮ ಪ್ರಾರ್ಥನಾ ಮಂದಿರದಲ್ಲಿ ವಿಶೇಷ ಪ್ರಾರ್ಥನೆ ಸಲ್ಲಿಸಲಾಯಿತು.' ನಾನು ಆಗ ಹಿತ್ತಿಲಲ್ಲಿ ಬಳೆ ಆರಿಸುತ್ತ ಕುಳಿತಿದ್ದೆ. ಪತ್ರ ಮನೆಗೆ ಬರುವ ಮೊದಲೇ ಅಂಗಳದ ತುಂಬ ಹೆಂಗಸರು ಬಂದರು. ಮಯ್ಯತ್, ಅಂದರೆ ಹೆಣ ಎತ್ತುವುದು, ಎಷ್ಟು ಗಂಟೆಗೆ ಎಂದು ಒಬ್ಬಳು ನನ್ನನ್ನೇ ಕೇಳಿದಳು. ಬೆಳುಂಕಿಯಿಂದ ಭಾಗವ್ವ ಸೀಟಿಗಿಷ್ಟು ಎಂದು ಓಡುವ ವಡಾಪ ಜೀಪಿನಲ್ಲಿ ದಾರಿಯುದ್ದಕ್ಕೂ ಅತ್ತುಕೊಂಡು ಬಂದವಳು ನನ್ನನ್ನು ಕಂಡು ನಿಂತಲ್ಲೇ ನಿಂತಳು. ಅಳು ಅರ್ಧಕ್ಕೆ ನಿಂತದ್ದರಿಂದ ಅವಳಿಗೆ ಭಾರಿ ಸಿಟ್ಟು ಬಂತು.

"ನಾ ಎದಿ ಬಡಕೋತ ಬಂದೇನಿ, ನೀ ಕುಂತು ಬಳಿ ಆರಸಾಕತ್ತೀದಿ. ಸತ್ತಿಲ್ಲ ಅಂತ ಒಂದ ಮಾತ ಹೇಳಿ ಕಳಸಬಾರದನ, ಲಾಲಬಿ?"

ನನಗೂ ಈಗಷ್ಟೇ ಗೊತ್ತಾಗುತ್ತಿದೆ ಎಂದೆ. ಬಂದವರಿಗೆಲ್ಲ ಚಹ ಮಾಡಿಸಿದೆ. ಬದುಕಿದ್ದಾಗ ನನ್ನ ಬಗ್ಗೆ ಒಳ್ಳೆಯ ಮಾತು ಆಡದ ಇಬ್ಬರು ಆ ಒಂದು ತಾಸಿನಲ್ಲಿ ಆಡಿದ್ದನ್ನು ಕೇಳಿಸಿಕೊಂಡೆ, ಮತ್ತು ಆ ಮಾತುಗಳನ್ನು ಅವರು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ ಎಂದು ಹೇಳಿ ಕಳಿಸಿದೆ. ತಮ್ಮ ಪ್ರಾರ್ಥನೆಗೂ ನಾನು ಋಣಿ. ಆ ವಾರದಿಂದ ನನ್ನ ಮೊಣಕಾಲು ನೋವು ಅರ್ಧ ಕಡಿಮೆಯಾಗಿದೆ.

ಆಮೇಲೆ ರುಬಿನಾಗೆ ಫೋನು ಮಾಡಿಸಿದೆ. ಮೊದಲು ಅತ್ತಳು, ನಂತರ ಎಲ್ಲ ಹೇಳಿದಳು, ಕೊನೆಗೆ ಹೀಗೆ ಬೇಡಿಕೊಂಡಳು:

"ದಾದಿ, ಪರೀಕ್ಷಾ ಮುಗಿಯೂ ತನಕ ಅಷ್ಟ ಸುಮ್ನ ಇದ್ದಬಿಡ್ರಿ. ಎರಡ ತಿಂಗಳ ಮಾತು."

ಸಲೀಮನೂ ಅದನ್ನೇ ಅಂದ. ಯಾರಿಗೆ ತೊಂದರೆ, ಯಾರು ಬೆಂಗಳೂರಿನಿಂದ ಇಲ್ಲಿಗೆ ನೋಡಲು ಬರುತ್ತಾರೆ, ನಮ್ಮ ಮನೆತನಕ್ಕೆ ಮೊದಲ ಪದವಿ ಬರುತ್ತಿರುವಾಗ ಹಟ ಮಾಡಬೇಡ ಅಮ್ಮಾ ಎಂದ. ಪದವಿ ಬೇಡವೆಂದು ನಾನು ಎಲ್ಲಿ ಹೇಳಿದೆ? ಹನ್ನೊಂದನೆಯ ಇಯತ್ತೆಯ ಪಕ್ಕದಲ್ಲಿ ಅದಕ್ಕೆ ಮೊಳೆ ಹೊಡೆಸಿ ಮೂರು ವರ್ಷವಾಗಿದೆ, ಮೊಳೆ ತುಕ್ಕು ಹಿಡಿಯುತ್ತಿದೆ. ಆದರೆ ದಿನಾ ಬೆಳಗ್ಗೆ ಅಂಗಡಿಯ ಬಾಗಿಲು ತೆಗೆದಾಗ ಕಣ್ಣಿಗೆ ಬೀಳುವ ಆ ಕಟ್ಟಿನ ಹಿಂದೆ ನನ್ನದೇ ಹೆಣ ಇರಬಾರದು. ಅದಕ್ಕಿಂತ ಹೆಚ್ಚಾಗಿ, ಬಳೆ ಇಡಿಸಲು ಹೋಗಿದ್ದೆ ಎಂದು ಹೇಳುವುದು ಸಾಲದೆಂದು ಆ ಹುಡುಗಿಗೆ ಅನ್ನಿಸಬಾರದು. ಸಾವು ಎಂದರೆ ಮರ್ಯಾದೆಯ ಕಾರಣ, ನಮ್ಮ ಕೆಲಸ ಎಂದರೆ ಕಾರಣವೇ ಅಲ್ಲ ಎಂದು ಅವಳು ಒಪ್ಪಿ ಸಹಿ ಮಾಡಿದ್ದಳಲ್ಲ, ಆ ಸಹಿ ನನ್ನ ನಿದ್ದೆ ಕೆಡಿಸಿತು.

ಜತ್ತದಲ್ಲಿ ಪಿಂಚಣಿದಾರರು ವರ್ಷಕ್ಕೊಮ್ಮೆ 'ಹಯಾತಿ ದಾಖಲೆ' ಎಂಬ ಕಾಗದ ತರುತ್ತಾರೆ, ಈ ಮನುಷ್ಯ ಬದುಕಿದ್ದಾನೆ ಎಂದು ಸರಕಾರ ಬರೆದುಕೊಡುವ ಕಾಗದ. ನಾನು ಊರಿನ ಲೆಕ್ಕಪತ್ರ ನೋಡುವ ತಲಾಠಿಯ ಹತ್ತಿರ ಹೋಗಿ ಅದನ್ನು ಮಾಡಿಸಿದೆ. ಯಾವ ಪಿಂಚಣಿ ಎಂದು ಅವರು ಕೇಳಿದರು, ಪಿಂಚಣಿಗಲ್ಲ, ಬಿ.ಎ.ಗೆ ಎಂದೆ. ರಿಜಿಸ್ಟರ್ ಅಂಚೆಯಲ್ಲಿ ತಮಗೆ ಕಳಿಸಿದೆ. ಮಾರ್ಚ್ ಕೊನೆಗೆ ತಮ್ಮ ಕಚೇರಿಯ ಉತ್ತರ ಬಂತು, ಬಹಳ ವಿನಯದ ಉತ್ತರ. ಲಗತ್ತಿಸಿದ ದಾಖಲೆ ಮರಾಠಿಯಲ್ಲಿರುವುದರಿಂದ ಅರ್ಥವಾಗಲಿಲ್ಲ. ನೋಟರಿ ಮಾಡಿಸಿದ ಇಂಗ್ಲಿಷ್ ಅನುವಾದ ಬೇಕು. ಮರಣದ ನಮೂದನ್ನು ತೆಗೆದರೆ ವಿದ್ಯಾರ್ಥಿನಿಯ ಹಾಜರಿ ಎಂಬತ್ನಾಲ್ಕು ಬಿಂದು ಆರಕ್ಕೆ ಮರಳುವುದು, ಪರೀಕ್ಷೆಯ ಪ್ರವೇಶಪತ್ರ ಸಿಗದು, ಜೂನಿನಿಂದ ಸೆಮಿಸ್ಟರ್ ಪೂರ್ತಿ ಮತ್ತೆ ಓದಬೇಕಾಗುವುದು. ಆದ್ದರಿಂದ ಏಪ್ರಿಲ್ ಆರರೊಳಗೆ 'ಮೃತರ ಕುಟುಂಬದವರು' ತಮ್ಮ ನಿರ್ಧಾರ ತಿಳಿಸಬೇಕು. ಮೃತಳ ನಿರ್ಧಾರವನ್ನು ಯಾರೂ ಕೇಳಿರಲಿಲ್ಲ.

ಏಪ್ರಿಲ್ ನಾಲ್ಕರಂದು ನಾನೇ ತಮ್ಮಲ್ಲಿಗೆ ಬಂದೆ. ತಾವು ಸಭೆಯಲ್ಲಿದ್ದಿರಿ, ಸಂಜೆಯವರೆಗೂ ಸಭೆಯಲ್ಲಿದ್ದಿರಿ, ಆದ್ದರಿಂದ ನಡೆದದ್ದನ್ನು ಅರಿಕೆ ಮಾಡುತ್ತೇನೆ. ಗೇಟಿನಲ್ಲಿ ಕಾವಲುಗಾರರು ನನ್ನ ಹೆಸರು, ಊರು, ಭೇಟಿಯ ಉದ್ದೇಶ ಕೇಳಿದರು. ಉದ್ದೇಶ, ಬದುಕಿದ್ದೇನೆಂದು ತೋರಿಸುವುದು, ಎಂದೆ. ಅವರು ಸ್ವಲ್ಪ ಯೋಚಿಸಿ 'ಖಾಸಗಿ' ಎಂದು ಬರೆದುಕೊಂಡರು. ಸಣ್ಣ ಕ್ಯಾಮೆರಾದಲ್ಲಿ ನನ್ನ ಫೋಟೋ ತೆಗೆದು, ಹೆಸರು, ತಾರೀಖು, ಒಳಗೆ ಬಂದ ಹೊತ್ತು ಎಲ್ಲವನ್ನೂ ಇಂಗ್ಲಿಷಿನಲ್ಲಿ ಅಚ್ಚು ಹಾಕಿದ, ತಮ್ಮದೇ ಮೊಹರಿನ ಚೀಟಿ ಕೈಗೆ ಕೊಟ್ಟರು. ನೋಡಿ, ನೋಟರಿಯೂ ಬೇಕಾಗಲಿಲ್ಲ. ಜತ್ತದ ಸರಕಾರಕ್ಕೆ ಆಗದ್ದನ್ನು ತಮ್ಮ ಗೇಟು ಎರಡು ನಿಮಿಷದಲ್ಲಿ ಮಾಡಿತು.

ಹಾಜರಿ ವಿಭಾಗದಲ್ಲಿ ಆ ಒಳ್ಳೆಯ ಗುಮಾಸ್ತರೇ ಇದ್ದರು. ನನ್ನ ಚೀಟಿ ಓದಿದರು, ನನ್ನನ್ನು ನೋಡಿದರು, ಮತ್ತೆ ಚೀಟಿ ಓದಿದರು, ಕುರ್ಚಿ ಕೊಟ್ಟರು.

"ಅಮ್ಮಾ, ವರ್ಷಕ್ಕೆ ಮುನ್ನೂರು ಅಜ್ಜಿಯರು ಹೋಗ್ತಾರೆ ನಮ್ಮಲ್ಲಿ," ಎಂದರು ಮೆಲ್ಲಗೆ. "ವಾಪಸ್ ಬಂದಿರೋದು ನೀವೊಬ್ರೇ."

ಸುಮ್ಮನೆ ಊರಿಗೆ ಹೋಗಿ, ಹುಡುಗಿ ಪಾಸಾಗಲಿ ಎಂದು ಅವರೂ ಬೇಡಿಕೊಂಡರು. ಅಷ್ಟರಲ್ಲಿ ರುಬಿನಾ ಓಡಿಬಂದಳು. ನಾನು ಬಯ್ಯಲಿಲ್ಲ. ತಿದ್ದುಪಡಿಯ ಅರ್ಜಿಯನ್ನು ಅವಳ ಮುಂದಿಟ್ಟು ಪೆನ್ನು ಕೊಟ್ಟೆ.

"ಸಹಿ ನಿಂದು. ಅಳಸೂದೂ ನೀನ ಅಳಸಬೇಕು."

"ಆರ ತಿಂಗಳ ಹೋಗ್ತಾವ, ದಾದಿ."

"ಹೋಗಲಿ. ನಾ ಹೋಗಿ ಬಂದಿಲ್ಲೇನು?"

ಪೆನ್ನಿನ ಮುಚ್ಚಳ ತೆಗೆದಳು, ಮತ್ತೆ ಹಾಕಿದಳು. ಹಿಂದೆ ಸರದಿಯಲ್ಲಿದ್ದ ಹುಡುಗರು ಗುಣುಗುಟ್ಟಿದರು. ಬೇಡವೆಂದು ಅವಳು ತಿರುಗಿ ನಡೆದಿದ್ದರೆ ನಾನೇನು ಮಾಡುತ್ತಿದ್ದೆನೋ ನನಗೂ ಗೊತ್ತಿಲ್ಲ. ಕೈ ಹಿಡಿದು ಬರೆಸುವ ವಯಸ್ಸು ಅವಳದಲ್ಲ. ಕೊನೆಗೆ ಬರೆದಳು. ಕಾರಣ ಎಂಬಲ್ಲಿ ನಾಲ್ಕು ಚೌಕಗಳನ್ನೂ ಬಿಟ್ಟು, ಪಕ್ಕದ ಖಾಲಿ ಅಂಚಿನಲ್ಲಿ, ಕನ್ನಡದಲ್ಲಿ: 'ಮದುಮಗಳಿಗೆ ಬಳೆ ಇಡಿಸಲು ಹೋಗಿದ್ದೆ. ಅಜ್ಜಿ ಬದುಕಿದ್ದಾರೆ.' ಪ್ರವೇಶಪತ್ರ ಹೋಯಿತು, ಹಾಜರಿ ಇಳಿಯಿತು, ನಾನು ಎದ್ದೆ. ಗುಮಾಸ್ತರು ನಿಯಮದಂತೆ ನನ್ನ ಚೀಟಿಗೆ ಸಹಿ ಹಾಕಿ ಹೊರಗೆ ಕಳಿಸಿದರು.

ಈಗ ನನ್ನ ಕೆಲವು ವಿನಂತಿಗಳು. ತಮ್ಮಂಥ ದೊಡ್ಡ ಸಂಸ್ಥೆಗೆ ಇವು ಕಷ್ಟವಾಗಲಾರವು. ಅರ್ಜಿಯಲ್ಲಿ ಐದನೆಯ ಚೌಕ ಒಂದಿರಲಿ, ಅದರ ಮುಂದೆ ಏನೂ ಅಚ್ಚು ಹಾಕದೆ ಬಿಡಿ, ನಿಜ ಹೇಳುವವರಿಗೆ ಬರೆಯಲು ಜಾಗ ಬೇಕಾಗುತ್ತದೆ. ಅದು ಆಗದಿದ್ದರೆ ಬೆಳುಂಕಿಯ ಭಾಗವ್ವನಿಗೆ ಪತ್ರ ಬರೆದು, ಇನ್ನು ಮುಂದೆ ಅವರ ಮನೆಯ ಮುಹೂರ್ತಗಳನ್ನೆಲ್ಲ ಭಾನುವಾರಗಳಂದು, ಅದೂ ಸೆಮಿಸ್ಟರಿನ ನಡುವಿನ ರಜೆಯಲ್ಲಿ, ಇಟ್ಟುಕೊಳ್ಳಲು ಆಜ್ಞೆ ಮಾಡಿ. ಅವರಿಗೆ ಮುಹೂರ್ತ ತೆಗೆದುಕೊಡುವ ಐನಾರಪ್ಪನವರು ತಮ್ಮ ಮೊಹರಿಗೆ ಬೆಲೆ ಕೊಟ್ಟೇ ಕೊಡುತ್ತಾರೆ. ವರ್ಷಕ್ಕೆ ಮುನ್ನೂರು ಅಜ್ಜಿಯರು ಪರೀಕ್ಷೆಯ ಮುಂಚಿನ ಆರೇ ವಾರಗಳಲ್ಲಿ ಸಾಯುತ್ತಿರುವುದು ಚಿಂತೆಯ ವಿಷಯ, ಇದಕ್ಕೆ ಆರೋಗ್ಯ ಖಾತೆಯವರಿಂದ ವಿಚಾರಣೆ ಆಗಲಿ. ಪ್ರವೇಶದ ದಿನವೇ ಪ್ರತಿಯೊಬ್ಬ ವಿದ್ಯಾರ್ಥಿಯಿಂದ ಅಜ್ಜಿಯರನ್ನು ಎಣಿಸಿಕೊಂಡು, ಅವರ ಕೊರಳಿಗೂ ಒಂದೊಂದು ಫೋಟೋ ಇರುವ ಕಾರ್ಡು ಕೊಟ್ಟರೆ ಒಬ್ಬಳೇ ಅಜ್ಜಿ ನಾಲ್ಕು ಸಲ ಸಾಯುವ ಶ್ರಮ ತಪ್ಪೀತು. ಮತ್ತು ತಮ್ಮ ಪ್ರಾರ್ಥನಾ ಮಂದಿರದಲ್ಲಿ ನನ್ನ ಆತ್ಮಕ್ಕೆ ಬೇಡಿದ ಶಾಂತಿಯನ್ನು ಸದ್ಯಕ್ಕೆ ಆ ಗುಮಾಸ್ತರ ಹೆಸರಿಗೆ ವರ್ಗಾಯಿಸಬೇಕೆಂದು ಕೋರುತ್ತೇನೆ. ಅವರು ಒಳ್ಳೆಯವರು, ಅವರಿಗೆ ಅದರ ಅಗತ್ಯ ಇದೆ.

ಕೊನೆಯದಾಗಿ ನನ್ನ ನಿರ್ಧಾರ. ಇದು ಅನುಮತಿ ಕೇಳುವ ಮಾತಲ್ಲ, ಆಗಿಹೋದ ಕೆಲಸದ ವರದಿ. ಜೂನ್ ಹದಿನೈದರಿಂದ ನಾನು ಬೆಂಗಳೂರಿನಲ್ಲಿದ್ದೇನೆ. ತಮ್ಮ ಕಾಂಪೌಂಡಿನ ಹಿಂದಿನ ಓಣಿಯಲ್ಲಿ ಒಂದು ಕೋಣೆ ಹಿಡಿದಿದ್ದೇನೆ, ರುಬಿನಾಳನ್ನು ಹಾಸ್ಟೆಲ್ಲಿನಿಂದ ಬಿಡಿಸಿ ನನ್ನ ಜೊತೆ ಇಟ್ಟುಕೊಂಡಿದ್ದೇನೆ. ದಿನಾ ಎಂಟೂಮುಕ್ಕಾಲಿಗೆ ಅವಳನ್ನು ಗೇಟಿನೊಳಗೆ ಕಳಿಸಿ, ಎದುರಿನ ಗುಲಮೋಹರ ಗಿಡದ ಕೆಳಗೆ ಬಳೆಯ ಪೆಟ್ಟಿಗೆ ತೆರೆದು ಕೂರುತ್ತೇನೆ. ಕಾವಲುಗಾರರು ಮೊದಲ ದಿನ ಏಳಿಸಲು ಬಂದರು. ರಸ್ತೆ ಕಾರ್ಪೊರೇಶನ್ನಿನದು ಎಂದು ತಿಳಿದ ಮೇಲೆ ಅವರೇ ನೀರು ತಂದುಕೊಡುತ್ತಾರೆ. ಪಿರಿಯಡ್ಡಿನ ಗಂಟೆ ಹೊಡೆದೊಡನೆ ಹುಡುಗಿಯರು ಬಂದು ಕೈ ಚಾಚುತ್ತಾರೆ. ಒಂದು ದಿನ ವಯಸ್ಸಾದ ಸಿಸ್ಟರ್ ಒಬ್ಬರು ನೋಡುತ್ತ ನಿಂತು, ಮರೆತು ಕೈ ಚಾಚಿ, ನಕ್ಕು ಹಿಂದಕ್ಕೆ ತೆಗೆದುಕೊಂಡರು. ಚಾಚಿದ ಕೈ ಬರಿದಾಗಿ ಹೋಗಬಾರದಲ್ಲ, ಅಂಗೈಯೊಳಗೆ ಒಂದು ಹಸಿರು ಬಳೆ ಇಟ್ಟು ಕಳಿಸಿದೆ. ಕಳೆದ ವಾರ ತಮ್ಮ ಸಮಾಜಶಾಸ್ತ್ರದ ಪ್ರಾಧ್ಯಾಪಕರು ಇಡೀ ತರಗತಿಯನ್ನು ಕ್ಷೇತ್ರ ವೀಕ್ಷಣೆಗೆ ಕರೆತಂದು ನನ್ನ ಸುತ್ತ ನಿಲ್ಲಿಸಿದರು. ಎಲ್ಲರೂ ನನ್ನನ್ನು ನೋಡಿ ಬರೆದುಕೊಂಡರು, ರುಬಿನಾಳೂ ಬರೆದುಕೊಂಡಳು. ನಾನು ಬದುಕಿರುವುದನ್ನು ನೋಡಿದ್ದಕ್ಕೆ ಅವಳಿಗೆ ಎರಡು ಪಿರಿಯಡ್ಡಿನ ಹಾಜರಿ ಸಿಕ್ಕಿದೆ. ಇಂದಿಗೆ ಅವಳ ಹಾಜರಿ ನೂರಕ್ಕೆ ನೂರು.

ತಮ್ಮ ವಿಶ್ವಾಸಿ, ತಮ್ಮ ಗೇಟಿನ ಎದುರು ಪ್ರತಿದಿನ ಹಾಜರಿರುವ,
ಲಾಲಬಿ ಬಂದೇನವಾಜ ಮಣಿಯಾರ
ಜುಲೈ 2009

ತಾಜಾ ಕಲಂ: ಕಪ್ಪು ಅಂಚಿನ ತಮ್ಮ ಸಂತಾಪ ಪತ್ರವನ್ನು ಹಿಂದಿರುಗಿಸುತ್ತಿಲ್ಲ, ಜೋಪಾನವಾಗಿ ಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದೇನೆ. ಒಂದು ದಿನ ಅದು ಬೇಕಾಗುತ್ತದೆ, ತಾರೀಖು ತಿದ್ದಿದರೆ ಸಾಕು. ಆ ದಿನ ರುಬಿನಾ ಎಲ್ಲಿ ಓದುತ್ತಿದ್ದರೂ, ಎಲ್ಲಿ ಕಲಿಸುತ್ತಿದ್ದರೂ, ಅವಳಿಗೆ ಮೂರು ದಿನದ ರಜೆ ಬೇಕಾಗುತ್ತದೆ. ಅಜ್ಜಿಯ ರಜೆಯನ್ನು ಈಗಾಗಲೇ ಬಳಸಿಕೊಂಡಿದ್ದೀಯ ಎಂದು ಮಾತ್ರ ದಯಮಾಡಿ ಅವಳಿಗೆ ಹೇಳಬೇಡಿ.